ಜೋಮು ಹಿಡಿದದ್ದು ಯಾವ ಬೆರಳು?

ಕೈ ಜೋಮು ಹಿಡಿಯುತ್ತಿದೆ ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದದ್ದು, ಯಾವ ಬೆರಳು? ಹೆಬ್ಬೆರಳು, ತೋರುಬೆರಳು, ನಡುಬೆರಳು, ಜೊತೆಗೆ ಉಂಗುರಬೆರಳಿನ ಅರ್ಧ ಭಾಗ ಎಂದಾದರೆ ಮಣಿಕಟ್ಟಿನ ಇಕ್ಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಹೋಗಿರುವ ಸಂಭವ ಹೆಚ್ಚು. ಕಿರುಬೆರಳು ಮತ್ತು ಉಂಗುರಬೆರಳಿನ ಉಳಿದರ್ಧವಾದರೆ ಮೊಣಕೈಯ ಒಳಮಗ್ಗುಲಲ್ಲಿ, ಮೂಳೆಯ ಹಿಂದೆ ಹಾದುಹೋಗುವ ಅಲ್ನಾರ್ ನರದ ಮೇಲೆ ಅನುಮಾನ. ಎರಡೂ ಪಾದಗಳ ತುದಿಯಲ್ಲಿ ಶುರುವಾಗಿ ನಿಧಾನಕ್ಕೆ ಮೇಲೇರಿದರೆ ನರ ಒತ್ತಿಹೋದ ಮಾತು ಬಿಟ್ಟು ಮೊದಲು ರಕ್ತದ ಸಕ್ಕರೆ, ಬಿ12 ವಿಟಮಿನ್ ನೋಡಬೇಕು.

ಪಾದವೇ ಮೊದಲು ಯಾಕೆ? ಸೊಂಟದ ಬಳಿಯಿರುವ ಒಂದು ನರಕೋಶದ ತಂತು ಕಾಲ್ಬೆರಳಿನವರೆಗೆ ಸುಮಾರು 1 ಮೀಟರ್ ಉದ್ದ ಚಾಚಿರುತ್ತದೆ. ಆ ತಂತುವಿಗೆ ಬೇಕಾದ ಪ್ರೋಟೀನುಗಳಲ್ಲಿ ಬಹುಪಾಲು ತಯಾರಾಗುವುದು ಕೋಶದ ಒಡಲಲ್ಲಿ. ಅಲ್ಲಿಂದ ತುದಿಯವರೆಗೆ ಸಾಗಬೇಕು. ಸಕ್ಕರೆ ಕಾಯಿಲೆಯಲ್ಲಿ ಈ ಪೂರೈಕೆಯೂ ನರಕ್ಕೆ ರಕ್ತ ಕೊಡುವ ಸಣ್ಣ ನಾಳಗಳೂ ಕೆಡುತ್ತವೆ. ಅತಿ ಉದ್ದದ ತಂತು ಮೊದಲು ಸೋಲುತ್ತದೆ.

ಒಟ್ಟು ರಚನೆ ಹೇಳಿ ಮುಗಿಸಲು ಹೆಚ್ಚು ಹೊತ್ತು ಬೇಡ. ಮೆದುಳು ಮತ್ತು ಬೆನ್ನುಹುರಿ ಸೇರಿದರೆ ಕೇಂದ್ರ ನರವ್ಯೂಹ. ಅವುಗಳಿಂದ ಹೊರಡುವ 12 ಜೊತೆ ಕಪಾಲ ನರಗಳು, 31 ಜೊತೆ ಬೆನ್ನುಹುರಿ ನರಗಳು ಹೊರವಲಯದ ನರವ್ಯೂಹ. ಹೃದಯಬಡಿತ, ಬೆವರು, ಕರುಳಿನ ಚಲನೆಯನ್ನು ನಮ್ಮ ಗಮನವಿಲ್ಲದೆಯೇ ನೋಡಿಕೊಳ್ಳುವ ಸ್ವಾಯತ್ತ ನರಗಳೂ ಇವೆ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ 1ನೇ ಅಥವಾ 2ನೇ ಕಶೇರುವಿನ (ಬೆನ್ನುಮೂಳೆಯ ಬಿಡಿ ಮಣಿ) ಹತ್ತಿರವೇ ಮುಗಿಯುತ್ತದೆ. ಬೆನ್ನಿನಿಂದ ನೀರು ತೆಗೆಯುವ ಸೂಜಿಯನ್ನು 3 ಮತ್ತು 4ನೇ ಕಶೇರುಗಳ ನಡುವೆ ಅಥವಾ ಅದಕ್ಕೂ ಕೆಳಗೆ ಚುಚ್ಚುವುದು ಇದೇ ಕಾರಣಕ್ಕೆ. ಅಲ್ಲಿ ಹುರಿಯಿಲ್ಲ, ನರಬೇರುಗಳಷ್ಟೇ ಇವೆ. ಬೆನ್ನುಹುರಿಗೇ ಸೂಜಿ ಚುಚ್ಚುತ್ತಾರೆಂಬ ಭಯದಿಂದ ಪರೀಕ್ಷೆ ಬೇಡವೆನ್ನುವವರಿಗೆ ಇದನ್ನು ತಿಳಿಸಿ ಹೇಳಲೇಬೇಕು.

ಸಂದೇಶ ಸಾಗುವ ಬಗೆ ಇನ್ನೂ ಸ್ವಾರಸ್ಯದ್ದು. ವಿಶ್ರಾಂತ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿರುತ್ತದೆ. ಪ್ರಚೋದನೆಯಿಂದ ಅದು ಮೈನಸ್ 55ರ ಆಸುಪಾಸಿಗೆ ಬಂದರೆ ಸೋಡಿಯಂ ಬಾಗಿಲುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ. ಹಿಂದೆಯೇ ಪೊಟ್ಯಾಸಿಯಂ ಹೊರಹೋಗಿ ಸ್ಥಿತಿ ಮರಳುತ್ತದೆ. ಇಷ್ಟಕ್ಕೆ ಒಂದೆರಡು ಮಿಲಿಸೆಕೆಂಡ್ ಸಾಕು. ಮೈಲಿನ್ ಎಂಬ ಕೊಬ್ಬಿನ ಹೊದಿಕೆಯಿರುವ ದಪ್ಪ ತಂತುಗಳಲ್ಲಿ ಈ ಅಲೆ ಹೊದಿಕೆಯ ನಡುವಿನ ತೆರಪುಗಳಲ್ಲಷ್ಟೇ ಹೊಸದಾಗಿ ಏಳುವುದರಿಂದ ಸೆಕೆಂಡಿಗೆ 100 ಮೀಟರ್ ದಾಟಬಲ್ಲದು. ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ 1 ಮೀಟರಿನ ಆಸುಪಾಸು. ಕಾಲ್ಬೆರಳು ಎಡವಿದಾಗ ತಗುಲಿದ್ದು ತಕ್ಷಣ ತಿಳಿದು, ಉರಿನೋವು ಕ್ಷಣ ತಡವಾಗಿ ಬರುವುದು ಹೀಗೆ.

ಮೈಲಿನ್ ಹಾಳಾದರೆ ಸಂದೇಶ ನಿಧಾನವಾಗುತ್ತದೆ ಇಲ್ಲವೇ ನಡುವೆಯೇ ನಿಲ್ಲುತ್ತದೆ. ಗಿಲಿಯನ್-ಬಾರೆ ಎಂಬ ಕಾಯಿಲೆಯಲ್ಲಿ ಹಾನಿ ಹೊರವಲಯದ ನರಗಳಿಗೆ: ಸಾಮಾನ್ಯವಾಗಿ ಕಾಲಿನಿಂದ ಮೇಲೇರುವ ಬಲಹೀನತೆ, ಉಸಿರಾಟದ ಸ್ನಾಯು ತಲುಪಿದರೆ ಪ್ರಾಣಾಪಾಯ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲಿ ಹಾನಿ ಮೆದುಳು, ಬೆನ್ನುಹುರಿ, ಕಣ್ಣಿನ ನರಕ್ಕೆ. ನರ ಸ್ನಾಯುವನ್ನು ಸೇರುವ ಸಂಧಿಯಲ್ಲೇ ತೊಂದರೆಯಿದ್ದರೆ ಚಿತ್ರ ಬೇರೆ. ಮಯಸ್ತೇನಿಯಾ ಎಂಬ ಕಾಯಿಲೆಯಲ್ಲಿ ದೇಹದ ಪ್ರತಿಕಾಯಗಳೇ, ನರದ ಸಂದೇಶವನ್ನು ಸ್ನಾಯುವಿಗೆ ಒಯ್ಯುವ ಅಸಿಟೈಲ್‌ಕೋಲಿನ್ ರಾಸಾಯನಿಕವನ್ನು ಹಿಡಿಯುವ ಗ್ರಾಹಕಗಳ ಮೇಲೆರಗುತ್ತವೆ. ಜೋಮು ಇರುವುದಿಲ್ಲ, ಬೆಳಿಗ್ಗೆ ಸರಿಯಿದ್ದ ರೆಪ್ಪೆ ಸಂಜೆಗೆ ಜೋತುಬೀಳುತ್ತದೆ.

ತುಂಡಾದ ಹೊರವಲಯದ ನರವನ್ನು ಹೊಲಿದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯಬಲ್ಲದು. ಮಣಿಕಟ್ಟಿನ ಗಾಯದಿಂದ ಬೆರಳ ತುದಿಗೆ ಸ್ಪರ್ಶ ಮರಳಲು ತಿಂಗಳುಗಳೇ ಬೇಕು, ತಾಳ್ಮೆಗೆಡಬಾರದು. ಮೆದುಳು, ಬೆನ್ನುಹುರಿಯ ತಂತುಗಳು ಹೀಗೆ ಮತ್ತೆ ಬೆಳೆಯುವುದು ತೀರ ಕಡಿಮೆ.

ಮುಖ ಒಂದು ಕಡೆ ವಾಲಿದಾಗಲೂ ರಚನೆ ನೆರವಿಗೆ ಬರುತ್ತದೆ. ಹಣೆಯ ಸ್ನಾಯುವಿಗೆ ಮೆದುಳಿನ ಎರಡೂ ಬದಿಗಳಿಂದ ಆಜ್ಞೆ ಬರುವುದರಿಂದ ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಹಣೆ ಸುಕ್ಕುಗಟ್ಟಿಸಬಹುದು. ಮುಖದ ನರವೇ ಕೆಟ್ಟ ಬೆಲ್ಸ್ ಪಾಲ್ಸಿಯಲ್ಲಿ ಆಗದು. ಆದರೆ ಇದನ್ನು ಮನೆಯಲ್ಲಿ ನೋಡಿ ನಿರ್ಧರಿಸಬೇಡಿ, ಅಪವಾದಗಳಿವೆ. ಮುಖ ವಾಲುವುದು, ಕೈ ಸೋಲುವುದು, ಮಾತು ತೊದಲುವುದು, ಯಾವುದು ದಿಢೀರನೆ ಬಂದರೂ ಶುರುವಾದ ಗಂಟೆ ಗುರುತಿಟ್ಟುಕೊಂಡು ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡುವಂಥದ್ದು, ವೈದ್ಯರು ಮೊದಲು ಕೇಳುವುದೂ ಆ ಗಂಟೆಯನ್ನೇ.