ಶಾಲು ಇನ್ನೊಮ್ಮೆ ಹೊದೆಸಿದ ದಿನ

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದಕ್ಕೆ ಮುಂಚಿನ ತಿಂಗಳುಗಳಲ್ಲಿ ಸ್ಟಾಫ್ ರೂಮಿನ ಮಾತೇ ಬದಲಾಗುತ್ತದೆ. ಮಳೆ, ಬಸ್ಸು, ಮಕ್ಕಳ ಮದುವೆ ಯಾವುದೂ ಬರುವುದಿಲ್ಲ. "ಫೈಲ್ ಆಯ್ತಾ ಟೀಚರೇ?" ಅಷ್ಟೇ. ಏಳು ಮಾನದಂಡ, ಪ್ರತಿಯೊಂದಕ್ಕೂ ಸಾಕ್ಷಿ ಬೇಕು. ಕಾಸರಗೋಡಿನ ಕನ್ನಡ ವಿಭಾಗದವರಿಗೆ ಇನ್ನೂ ಒಂದು ಸುತ್ತು ಜಾಸ್ತಿ. ಕನ್ನಡದಲ್ಲಿ ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಡಬೇಕು. ಸುತ್ತೋಲೆ ಮಲಯಾಳದಲ್ಲಿ ಬಂದರೆ ಅದನ್ನೂ ಓದಿ ಅರ್ಥ ಮಾಡಿಕೊಳ್ಳಬೇಕು.

ಆ ದಿನ ಯಕ್ಷಗಾನದ ಹಾಡುಗಾರರಾದ ಹಿರಿಯ ಭಾಗವತರೊಬ್ಬರನ್ನು ಕರೆದಿದ್ದೆವು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆ ಕಡೆಯವರು. ಮೈಕ್ ಬೇಡ ಅಂದರು. ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ, ಒಂದೇ ಪದ್ಯವನ್ನು ಝಂಪೆ ತಾಳದಲ್ಲಿ ಒಮ್ಮೆ, ಏಕತಾಳದಲ್ಲಿ ಒಮ್ಮೆ ಹಾಡಿ ತೋರಿಸಿದರು. ಹಿಂದಿನ ಬೆಂಚಿನ ಹುಡುಗರು ಮೊಬೈಲ್ ಕೆಳಗಿಟ್ಟು ತಾವೂ ತಾಳ ಹಾಕತೊಡಗಿದ್ದರು. ಇಂಥದ್ದು ವರ್ಷಕ್ಕೊಮ್ಮೆ ನಡೆದರೆ ಪುಣ್ಯ.

ಅಷ್ಟರಲ್ಲಿ ಕಾಲೇಜಿನ ಗುಣಮಟ್ಟದ ಘಟಕವಾದ ಐಕ್ಯೂಎಸಿ ನೋಡಿಕೊಳ್ಳುವ ಮಾಷ್ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದರು. ತೆಗೆದ ಫೋಟೋಗಳಲ್ಲಿ ಜಿಯೋಟ್ಯಾಗ್ ಇರಲಿಲ್ಲ. ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕ ಕಾಣದಿದ್ದರೆ ಕಾರ್ಯಕ್ರಮ ಲೆಕ್ಕಕ್ಕಿಲ್ಲ. ಬ್ಯಾನರ್ ಬೇರೆ ಒಂದು ಕಡೆ ಮಡಚಿಕೊಂಡಿತ್ತು. ಅವರನ್ನು ಬೈದು ಪ್ರಯೋಜನವಿಲ್ಲ, ಅವರ ಬಿಪಿ ಮಾತ್ರೆ ಆ ತಿಂಗಳಷ್ಟೇ ಶುರುವಾಗಿತ್ತು. ಹಾಡು ನಿಲ್ಲಿಸಿ, ಭಾಗವತರನ್ನು ಎಬ್ಬಿಸಿ, ಶಾಲು ಇನ್ನೊಮ್ಮೆ ಹೊದೆಸಿದೆವು.

"ಆಗ ಒಮ್ಮೆ ಹೊದೆಸಿದ್ದೀರಲ್ಲ ಮಾರಾಯ್ರೇ," ಎಂದು ನಕ್ಕರು. ಮತ್ತೆ ಕೂತು ಮಾತಾಡಿದರು ನಿಜ. ಆದರೆ ಹುಡುಗರು ಮೊಬೈಲಿಗೆ ಮರಳಿಯಾಗಿತ್ತು.

ಪಾಠದ ಹೊರೆಗೆ ನಾವು ಯಾರೂ ಹೆದರುವುದಿಲ್ಲ. ಮಾಡಿದ್ದೇನೆ ಎಂದು ತೋರಿಸುವ ಕೆಲಸವೇ ಮನುಷ್ಯರನ್ನು ಹಿಂಡುವುದು. ಅದೂ ಏನನ್ನು ತೋರಿಸಬೇಕು ಎಂಬುದು ನಮ್ಮ ಕೈಲಿಲ್ಲ. ಅಧ್ಯಾಪಕರ ನೇಮಕಾತಿ, ಬಡ್ತಿಗೆ ಅಂಕ ಕೊಡುವ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದ ಪಟ್ಟಿ ನೋಡಿ. ಭಾಷಾ ವಿಭಾಗದವರ ಒಂದು ಸಂಶೋಧನಾ ಲೇಖನಕ್ಕೆ 10 ಅಂಕ. ಇಡೀ ಪುಸ್ತಕವೊಂದನ್ನು ಅನುವಾದಿಸಿದರೆ 8! ಮಲಯಾಳ, ತುಳು, ಕನ್ನಡ ಮೂರನ್ನೂ ದಿನಾ ಆಡುವ ಈ ಊರಿನಲ್ಲಿ ಕೂತು ಅದನ್ನು ಓದಿದಾಗ ನಗು ಬಂತು. ಮಲಯಾಳದ ಕಾದಂಬರಿಯೊಂದರ ನನ್ನ ಅನುವಾದ ಅರ್ಧಕ್ಕೆ ನಿಂತಿದೆ. ಲೇಖನವನ್ನಾದರೂ ನೆಮ್ಮದಿಯಿಂದ ಬರೆಯೋಣ ಅಂದರೆ, ಯುಜಿಸಿ ಒಪ್ಪಿದ ಪತ್ರಿಕೆಗಳ ಕೇರ್ ಪಟ್ಟಿಯಲ್ಲಿರುವ ಪತ್ರಿಕೆಗೇ ಕಳಿಸಿ ಎಂದು ವರ್ಷಗಟ್ಟಲೆ ಓಡಿಸಿದರು. 2025ರಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಅದಕ್ಕಾಗಿ ನಿದ್ದೆಗೆಟ್ಟವರನ್ನು ಯಾರೂ ಕೇಳಲಿಲ್ಲ.

ಭಾಗವತರ ಕಾರ್ಯಕ್ರಮದ ವರದಿ, ಹಾಜರಿ ಪಟ್ಟಿ, ಮಕ್ಕಳ ಫೀಡ್‌ಬ್ಯಾಕ್ ಎಲ್ಲ ಅಪ್‌ಲೋಡ್ ಮಾಡಿ ಮುಗಿಸುವಾಗ ನಡುರಾತ್ರಿ. ಆಗಲೇ ಎದೆ ಹಿಡಿದ ಹಾಗಾಯಿತು. ಇವರು ಗಾಬರಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಸಿಜಿ ಸರಿ ಇತ್ತು. ಡಾಕ್ಟರು ಚೀಟಿ ಬರೆಯುತ್ತಾ ಕೇಳಿದರು, "ಕಾಲೇಜಿನವರಲ್ವಾ? ನ್ಯಾಕ್ ಯಾವಾಗ?"

ವಾರದೊಳಗೆ ಕಾಲೇಜಿನಲ್ಲಿ ಅಧ್ಯಾಪಕರಿಗೆ ಒತ್ತಡ ನಿರ್ವಹಣೆಯ ಕಾರ್ಯಾಗಾರ ಇಟ್ಟರು. ಹಾಜರಿ ಕಡ್ಡಾಯ, ಕೊನೆಗೆ ಸರ್ಟಿಫಿಕೇಟ್. ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆಯಿರಿ ಎಂದರು. ನನಗೆ ವರದಿ ಬರೆಯುವವರು ಯಾರು ಎಂಬ ಯೋಚನೆ. ಪಕ್ಕದಲ್ಲಿ ಐಕ್ಯೂಎಸಿ ಮಾಷ್ ಮಾತ್ರ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಅವರಿಗಾದರೂ ಪ್ರಯೋಜನವಾಯಿತು.