ಪೆನ್ಸಿಲಿನಲ್ಲಿ ಬರೆದ ಸಂಭಾವನೆ

"ಅಣ್ಣಾ, ಇದ್ರಲ್ಲಿ ನಾಲ್ಕು ಸಾವಿರ ಅಂತ ಬರೆದು ಅಳಿಸಿರೋ ಗುರುತಿದೆ."

"ಅದಕ್ಕೇ ಕಣೋ ಪೆನ್ಸಿಲಲ್ಲಿ ಬರೆಯೋದು. ಪೆನ್ನಲ್ಲಿ ಬರೆದ್ರೆ ಕೊಡ್ಲೇಬೇಕಾಗುತ್ತೆ."

ಈ ವಾರ ಗಣಪತಿ ಪೆಂಡಾಲಿನ ಹಿಂದೆ, ಸೌಂಡಿನ ಹುಡುಗರು ಕೇಬಲ್ ಸುತ್ತುತ್ತಿದ್ದಾಗ ಕೇಳಿದ ಮಾತು. ಕೇಳಿದವನು ರಿದಂ ಪ್ಯಾಡ್ ನುಡಿಸುವ ಹೊಸ ಹುಡುಗ, ಉತ್ತರ ಕೊಟ್ಟವರು ವಾದ್ಯಗೋಷ್ಠಿಯ ಯಜಮಾನರು. ಅವರು ನಗುತ್ತಲೇ ಹೇಳಿದರು. ಪಕ್ಕದಲ್ಲಿದ್ದ ತಬಲಾದವರೂ ನಕ್ಕರು. ಹುಡುಗ ಮಾತ್ರ ಸಂಭಾವನೆಯ ಕವರನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ.

ಆ ರಾತ್ರಿಯ ಲೆಕ್ಕ ಬಿಡಿಸಿದರೆ ಹೀಗೆ. ಒಪ್ಪಿಕೊಂಡದ್ದು 45,000. ಮುಂಗಡ 15,000 ಬಂದಿತ್ತು. ಗಾಯಕ, ಗಾಯಕಿಗೆ ತಲಾ 5,000, ಕೀಬೋರ್ಡಿಗೆ 5,000, ತಬಲಾ, ರಿದಂ ಪ್ಯಾಡ್, ಕೊಳಲಿಗೆ ತಲಾ 4,000, ಸೇರಿ 27,000. ಸೌಂಡಿಗೆ 9,000, ಟೆಂಪೋ ಬಾಡಿಗೆ 5,500. ಒಟ್ಟು ಖರ್ಚು 41,500. ಮಿಕ್ಕ 3,500 ಯಜಮಾನರದು. ಬಾಕಿ 30,000 ಬರಬೇಕಾದಲ್ಲಿ ಕಮಿಟಿಯವರು 25,000 ಎಣಿಸಿ, "ಉಳಿದದ್ದು ಸೋಮವಾರ ಫೋನ್‌ಪೇ ಮಾಡ್ತೀವಿ ಸಾರ್" ಅಂದರು. ಯಜಮಾನರ ಪಾಲು ಹೋಯಿತು, ಮೇಲೆ 1,500 ಕಡಿಮೆ ಬಿತ್ತು. ಅದನ್ನು ತಬಲಾ, ಪ್ಯಾಡ್, ಕೊಳಲಿನವರಿಂದ ಐದೈದು ನೂರು ಮುರಿದುಕೊಂಡು ಸರಿದೂಗಿಸಿದರು. ಟೆಂಪೋದವನಿಗೆ ಪೂರ್ತಿ ಕೊಡಲೇಬೇಕು, ಇಲ್ಲದಿದ್ದರೆ ಗಾಡಿ ಹೊರಡುವುದಿಲ್ಲ. ಗಾಯಕರನ್ನು ಜನ ಹೆಸರು ಹಿಡಿದು ಕೇಳುತ್ತಾರೆ. ಕೀಬೋರ್ಡಿನವರು ಬರದಿದ್ದರೆ ಕಾರ್ಯಕ್ರಮವೇ ಇಲ್ಲ. ಉಳಿದ ಮೂವರ ಕವರಿನ ಮೇಲೆ ರಬ್ಬರು ಓಡಿತು.

ಯಜಮಾನರು ಮೋಸಗಾರರಲ್ಲ. ಆ ರಾತ್ರಿ ಅವರು ಬರಿಗೈಯಲ್ಲಿ ಮನೆಗೆ ಹೋದರು. ಆದರೆ ಒಳ್ಳೆಯವರಾಗಿರುವುದಕ್ಕೂ ಲೆಕ್ಕ ಸರಿಯಿರುವುದಕ್ಕೂ ಸಂಬಂಧವಿಲ್ಲ. ಮೊದಲ ತೊಡಕು ಮುಂಗಡದಲ್ಲೇ ಇದೆ: ಸೌಂಡು, ಟೆಂಪೋ ಸೇರಿ 14,500. ಅಂದರೆ 15,000 ಮುಂಗಡ ಸ್ಪೀಕರಿಗೂ ಡೀಸೆಲ್ಲಿಗೂ ಸರಿಹೋಗುತ್ತದೆ, ಕಲಾವಿದರೆಲ್ಲರ ದುಡ್ಡೂ ಕಮಿಟಿಯವರ ಬಾಯಿಮಾತಿನ ಮೇಲೆ ನಿಂತಿರುತ್ತದೆ. ಮುಂಗಡ ಅರ್ಧಕ್ಕಿಂತ ಕಡಿಮೆ ಇರಬಾರದು. ಬಾಕಿಯನ್ನು ಕಾರ್ಯಕ್ರಮ ಮುಗಿದ ಮೇಲೆ ಕೇಳುವುದೂ ತಪ್ಪು. ಆ ಹೊತ್ತಿಗೆ ಕಮಿಟಿಯವರು ಪೆಂಡಾಲ್ ಬಿಚ್ಚುವುದರಲ್ಲೋ ಮರುದಿನದ ಮೆರವಣಿಗೆಯ ಚಿಂತೆಯಲ್ಲೋ ಇರುತ್ತಾರೆ. ನಡುವೆ ಗಣ್ಯರಿಗೆ ಶಾಲು ಹಾರ ಹಾಕಲು ಇಪ್ಪತ್ತು ನಿಮಿಷ ನಿಲ್ಲಿಸುತ್ತಾರಲ್ಲ, ಆಗಲೇ ಎಣಿಸಿಕೊಳ್ಳಬೇಕು. ಕೇಳಬೇಕಾದದ್ದು ಅಧ್ಯಕ್ಷರನ್ನಲ್ಲ, ಖಜಾಂಚಿಯನ್ನು. ಅಧ್ಯಕ್ಷರು ಮಾತು ಕೊಡುತ್ತಾರೆ, ದುಡ್ಡಿನ ಚೀಲ ಇರುವುದು ಖಜಾಂಚಿಯ ಕಂಕುಳಲ್ಲಿ. ಒಪ್ಪಂದದ ಚೀಟಿಯಲ್ಲಿ ಅವರ ಹೆಸರು, ನಂಬರು ಇರಲಿ.

ಎರಡನೆಯದು, ಯಜಮಾನರ ಪಾಲು "ಮಿಕ್ಕಿದ್ದು" ಆಗಿರುವುದು. ಫೋನು ಮಾಡುವುದು, ಹಾಡಿನ ಪಟ್ಟಿ ಹಾಕುವುದು, ನಿರೂಪಣೆ, ಎಲ್ಲ ಅವರೇ. ಅದಕ್ಕೊಂದು ಕೂಲಿ ಗೊತ್ತುಮಾಡದೆ, ತಂಡದ ಡಬ್ಬಿಗೆ ಏನೂ ತೆಗೆದಿಡದೆ ಇದ್ದರೆ ಮೊದಲ ಏಟು ಬೀಳುವುದು ಅವರಿಗೆ, ಎರಡನೆಯದು ತಬಲಾದವರಿಗೆ. ಡಬ್ಬಿಗೆ ಹತ್ತರಲ್ಲೊಂದು ಪಾಲು ಮೊದಲೇ ಹೋಗಬೇಕು. ಆ ಲೆಕ್ಕದಲ್ಲಿ ಈ ಕಾರ್ಯಕ್ರಮಕ್ಕೆ ಕೇಳಬೇಕಿದ್ದದ್ದು 50,000: ಖರ್ಚು 41,500, ಯಜಮಾನರಿಗೆ 3,500, ಡಬ್ಬಿಗೆ 5,000. ಸಾವಿರ ಎರಡು ಸಾವಿರ ಕೈಕೊಟ್ಟರೆ ಡಬ್ಬಿ ತಡೆದುಕೊಳ್ಳುತ್ತದೆ, ಆಷಾಢದಲ್ಲಿ ಕಾರ್ಯಕ್ರಮವಿಲ್ಲದಾಗ ಕೇಬಲ್ಲು, ಮೈಕಿನ ರಿಪೇರಿಗೂ ಆಗುತ್ತದೆ. ಹಾಗಿದ್ದರೆ ಕವರಿನ ಮೇಲೆ ಪೆನ್ನಲ್ಲೇ ಬರೆಯಬಹುದು.

"ಪೆನ್ನಲ್ಲಿ ಬರೆದ್ರೆ ಕೊಡ್ಲೇಬೇಕಾಗುತ್ತೆ." ಎಷ್ಟು ಸಲ ನೆನೆದರೂ ಇದರಲ್ಲಿ ಸುಳ್ಳು ಕಾಣುವುದಿಲ್ಲ, ಅದೇ ಕಷ್ಟ. ಬ್ಯಾಂಕಿನ ಮೂಲಕ ದುಡ್ಡು ಬರುವ ಕಡೆ ರಬ್ಬರಿನ ಕೆಲಸವನ್ನು ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಮೊದಲು ಮುರಿದುಕೊಳ್ಳುವ ಆದಾಯ ತೆರಿಗೆ, ಮಾಡುತ್ತದೆ. ಒಂದು ಸಂಸ್ಥೆ 60,000ದ ಬಿಲ್ಲಿಗೆ ಶೇಕಡಾ ಹತ್ತು ಮುರಿದುಕೊಂಡು 54,000 ಹಾಕುತ್ತದೆ ಅನ್ನಿ. ಯಜಮಾನರು 54,000ವನ್ನೇ ಹಂಚಿದರೆ ಎಲ್ಲರ ಪಾಲೂ ಕಿರಿದಾಯಿತು. ಮುರಿದ 6,000 ಮಾತ್ರ ಬಿಲ್ಲು ಕೊಟ್ಟವರ ಪ್ಯಾನಿನಲ್ಲಿ ಜಮೆಯಾಗಿ, ರಿಟರ್ನ್ ಸಲ್ಲಿಸಿದ ಮೇಲೆ ಅವರ ತೆರಿಗೆಗೆ ವಜಾ ಆಗುತ್ತದೆ ಅಥವಾ ಅವರ ಖಾತೆಗೇ ವಾಪಸ್ ಬರುತ್ತದೆ. ಅದರಲ್ಲಿ ಕೊಳಲಿನವರ ಪಾಲೂ ಇದೆ ಎಂದು ಯಾರಿಗೂ ನೆನಪಿರುವುದಿಲ್ಲ, ಕೊಳಲಿನವರಿಗೂ. ಆದ್ದರಿಂದ ಹಂಚುವುದು 60,000ದ ಮೇಲೇ ಹಂಚಬೇಕು. ಇಲ್ಲವೇ ಸಂಸ್ಥೆಗೆ ಹೇಳಿ ಒಬ್ಬೊಬ್ಬರ ಖಾತೆಗೂ ಬೇರೆಬೇರೆ ಹಾಕಿಸಬೇಕು, ಸೌಂಡಿನವರ ಬಿಲ್ಲನ್ನೂ ಅವರಿಂದಲೇ ಕೊಡಿಸಬೇಕು. ಒಬ್ಬೊಬ್ಬ ಕಲಾವಿದರ ಸಂಭಾವನೆ ಒಂದು ಸಂಸ್ಥೆಯಿಂದ ವರ್ಷಕ್ಕೆ 50,000 ದಾಟದಿದ್ದರೆ ಈ ಮುರಿತವೇ ಇಲ್ಲ. ಒಂದೇ ಬಿಲ್ಲು ಕೊಟ್ಟರೆ ಇನ್ನೊಂದು ತಲೆನೋವು: ಇಡೀ ಮೊತ್ತ ಯಜಮಾನರ ಆದಾಯವಾಗಿ ಕಾಣುತ್ತದೆ. ಹಂಚಿದ್ದಕ್ಕೆ ಸಹಿ ಮಾಡಿಸಿದ ವೋಚರು ಬೇಕು, ನಗದಾಗಿ 5,000ಕ್ಕಿಂತ ಹೆಚ್ಚಾದರೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪಿನ ಮೇಲೆ ಸಹಿ.

ವೇದಿಕೆಯ ಮೇಲೆ ಬರುವ ಇನಾಮಿನ ಬಗ್ಗೆಯೂ ಹೊರಡುವ ಮುಂಚೆಯೇ ಮಾತಾಗಲಿ. ಗಾಯಕಿಯ ಕೈಗಿತ್ತ ನೂರರ ನೋಟು ಗಾಯಕಿಯದೋ ತಂಡದ್ದೋ ಎಂಬ ಜಗಳ ಟೆಂಪೋದೊಳಗೆ ಶುರುವಾದರೆ ಊರು ಮುಟ್ಟುವ ತನಕ ನಿಲ್ಲುವುದಿಲ್ಲ.

ಐವತ್ತು ಸಾವಿರ ಕೇಳಿ ಅಂದರೆ ಯಜಮಾನರ ಉತ್ತರ ಸಿದ್ಧವಿದೆ: "ಪಕ್ಕದೂರಿನವರು ನಲವತ್ತಕ್ಕೇ ಬರ್ತಾರೆ." ಬರುತ್ತಾರೆ, ನಿಜ. ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿದ ವಾದ್ಯಸಂಗೀತ, ಹಾಕಿ ಇಬ್ಬರು ಹಾಡುತ್ತಾರೆ. ಕೀಬೋರ್ಡು, ತಬಲಾ, ಪ್ಯಾಡ್, ಕೊಳಲಿನ 17,000 ಖರ್ಚು ಅವರಿಗಿಲ್ಲ, ಟೆಂಪೋ ಬದಲು ಕಾರು ಸಾಕು. ಆ ದರದ ಜೊತೆ ಪೈಪೋಟಿಗೆ ಇಳಿದಷ್ಟೂ ಸೋಲುವವರು ನುಡಿಸುವವರೇ. ಕಮಿಟಿಗೆ ಕೊಡುವ ಚೀಟಿಯಲ್ಲಿ ಬರೀ ಮೊತ್ತ ಬರೆಯದೆ, ಎಷ್ಟು ಜನ ಕೂತು ನುಡಿಸುತ್ತಾರೆ, ಯಾವ ಯಾವ ವಾದ್ಯ ಎಂದು ಬರೆಯಲಿ. ಆಮೇಲೂ ನಲವತ್ತೇ ಅಂದರೆ ಆ ಊರು ಟ್ರ್ಯಾಕಿನವರಿಗೇ ಇರಲಿ.