ಹಳೇ ಕಾರಿನಲ್ಲಿ ತಲಕಾವೇರಿಗೆ ಹೊರಟವರಿಗೆ

ಕಾರ್ಬುರೇಟರಿನ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕಳಿಸುವ ಭಾಗ) ಹಳೇ ಮಾರುತಿ 800 ಕೊಡಗಿನ ಏರು ಹತ್ತುತ್ತದೋ ಇಲ್ಲವೋ ಎಂಬ ಚಿಂತೆ ಬೇಡ. ಸಂಪಾಜೆ ಘಾಟಿಯನ್ನು ನಮ್ಮದು ಸಲೀಸಾಗಿ ಹತ್ತಿತು. ಕೈಕೊಟ್ಟದ್ದು ನಿಲ್ಲಿಸಿದ ಮೇಲೆ. ಭಾಗಮಂಡಲದಿಂದ ತಲಕಾವೇರಿಗೆ 8 ಕಿ.ಮೀ. ಏರು. ದರ್ಶನ ಮುಗಿಸಿ ಬಂದು ಕೀ ತಿರುಗಿಸಿದರೆ ಸೆಲ್ಫ್ ಜೋರಾಗಿಯೇ ಹೊಡೆಯುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಮುಕ್ಕಾಲು ಗಂಟೆ ಆರಲು ಬಿಟ್ಟರೆ ಒಂದೇ ಸಲಕ್ಕೆ ಸ್ಟಾರ್ಟ್.

ಮಡಿಕೇರಿಯ ಗ್ಯಾರೇಜೊಂದರಲ್ಲಿ ಬಾನೆಟ್ ಎತ್ತುವ ಮೊದಲೇ "ಪೆಟ್ರೋಲ್ ಪಂಪ್ ಹೋಗಿದೆ" ಅಂದರು. ಹೊಸದು ಹಾಕಿ ದುಡ್ಡು ಎಣಿಸಿಕೊಂಡರು. ಮರುದಿನ ವಿರಾಜಪೇಟೆಯಲ್ಲಿ ಮತ್ತೆ ಅದೇ ಕಥೆ, ಬಿಸಿ ಇಂಜಿನ್ ಹಿಡಿಯಲಿಲ್ಲ. ತಣ್ಣಗಿರುವ ಗಾಡಿ ಒಪ್ಪಿಸಿದರೆ ಯಾರಿಗೂ ರೋಗ ಸಿಗುವುದಿಲ್ಲ. ಸ್ಟಾರ್ಟ್ ಆಗದೆ ನಿಂತಿರುವಾಗಲೇ ತೋರಿಸಬೇಕು.

ವಿರಾಜಪೇಟೆಯ ಹಿರಿಯ ಮೆಕ್ಯಾನಿಕ್ ಒಬ್ಬರು "ಮೊದ್ಲು ಕರೆಂಟ್ ಬರ್ತಿದ್ಯಾ ನೋಡೋಣ ಸಾರ್" ಎಂದು ಪ್ಲಗ್ ವೈರ್ ಕಿತ್ತು, ಅದಕ್ಕೊಂದು ಹಳೇ ಪ್ಲಗ್ ಸಿಕ್ಕಿಸಿ, ಅದರ ಮೈಯನ್ನು ಕ್ಲಿಪ್ ಹಾಕಿ ಇಂಜಿನ್‌ಗೆ ತಾಗಿಸಿ ಸೆಲ್ಫ್ ಹೊಡೆಸಿದರು. ನೀಲಿಯಾಗಿ ಚಟಚಟ ಹಾರಬೇಕಾದ ಕಿಡಿ ಹಳದಿಯಾಗಿ ಮಿಣುಕಿ ಆರಿಹೋಯಿತು. ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಮುಟ್ಟಲಾಗದಷ್ಟು ಸುಡುತ್ತಿತ್ತು. ಹಳೇ ಕಾಯಿಲ್ ಒಳಗಿನ ತಂತಿಸುರುಳಿ ಕಾದಾಗ ಸೋಲುತ್ತದೆ, ಆರಿದರೆ ಮತ್ತೆ ಕೆಲಸ ಮಾಡುತ್ತದೆ. ಬೇರೆ ಕಾಯಿಲ್ ಹಾಕಿದ್ದೇ ತಡ, ಬಿಸಿ ಇಂಜಿನ್ನೇ ಹಿಡಿಯಿತು. ಖರ್ಚು ಪಂಪಿಗೆ ಕೊಟ್ಟದ್ದರ ಅರ್ಧವೂ ಆಗಲಿಲ್ಲ. (ನೀವೇ ನೋಡುವುದಾದರೆ ಪ್ಲಗ್ ಬರಿಗೈಯಲ್ಲಿ ಹಿಡಿಯಬೇಡಿ, ಪೆಟ್ರೋಲ್ ವಾಸನೆ ಇದ್ದರೆ ಈ ಪರೀಕ್ಷೆಯೇ ಬೇಡ.)

ಕಿಡಿ ಚೆನ್ನಾಗಿದ್ದರೆ ಮಾತ್ರ ಪೆಟ್ರೋಲ್ ಕಡೆ ನೋಡಿ. ಬಿಚ್ಚಿದ ಪ್ಲಗ್ ಒದ್ದೆಯಿದ್ದರೆ ಓವರ್‌ಫ್ಲೋ, ಅಂದರೆ ಇಂಜಿನ್‌ಗೆ ಪೆಟ್ರೋಲ್ ಹೆಚ್ಚಾಗಿದೆ: ಚೋಕ್ ಮುಟ್ಟದೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಒಣಗಿದ್ದರೆ ಪೈಪಿನಲ್ಲಿ ಪೆಟ್ರೋಲ್ ಕಾದು ಆವಿ ಕಟ್ಟಿರಬಹುದು; ಬಾನೆಟ್ ತೆರೆದಿಟ್ಟು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಪೆಟ್ರೋಲ್ ಬೇಗ ಆವಿಯಾಗುತ್ತದೆ. ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಗಾಡಿಗಳಲ್ಲಿ ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಗುರುತಿಸುವ ಭಾಗ) ಕೂಡ ಕಾದಾಗ ಹೀಗೇ ಕೈಕೊಡಬಹುದು.

ರಿಪೇರಿ ಆಗುವಷ್ಟರಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಪುಟ್ಟ ಮೆಸ್ಸಿನಲ್ಲಿ ಉಂಡೆವು. ಹಬೆಯಾಡುವ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿ ಕಪ್ಪಾಗುವವರೆಗೆ ಬೇಯಿಸಿದ ಪಂದಿ ಕರಿ (ಹಂದಿ ಮಾಂಸದ ಪಲ್ಯ). ಹುಳಿ, ಕಾಳುಮೆಣಸು ಎರಡೂ ನಾಲಿಗೆಗೆ ಹತ್ತುವಂತಿದ್ದವು, ಎಣ್ಣೆ ತೇಲುತ್ತಿರಲಿಲ್ಲ. ಎಲೆ ಖಾಲಿಯಾಗುವ ಮೊದಲೇ ಅಕ್ಕ ಮತ್ತೆರಡು ಉಂಡೆ ಬಡಿಸಿದರು, ಬೇಡವೆಂದರೂ ಕೇಳಲಿಲ್ಲ. ಆಮೇಲೆ ಬೆಲ್ಲದ ಕಾಫಿ. ನಾವು ಉಳಿದಿದ್ದ ಹೋಂಸ್ಟೇಯ ತಣ್ಣನೆ ತಿಂಡಿಗೆ ಇದರ ಮೂರು ಪಟ್ಟು ಕೊಟ್ಟಿದ್ದೆವು.

ಶನಿವಾರ, ಭಾನುವಾರ ತಲಕಾವೇರಿಯ ಪಾರ್ಕಿಂಗಿನಲ್ಲಿ ಬಾನೆಟ್ ಎತ್ತಲೂ ಜಾಗ ಇರುವುದಿಲ್ಲ. ತೀರ್ಥೋದ್ಭವಕ್ಕೆ ಜನ ನೆರೆಯುವ ಅಕ್ಟೋಬರಿನ ತುಲಾ ಸಂಕ್ರಮಣಕ್ಕಂತೂ ಹಳೇ ಗಾಡಿಯನ್ನು ಭಾಗಮಂಡಲದಲ್ಲೇ ಬಿಟ್ಟು ಬಸ್ ಹತ್ತಿ.